ಏಳು ಹರದಾರಿ ದಾರಿಗೆ ಇಪ್ಪತ್ತೆರಡು ದಿನ

ದೀಪಾವಳಿ ಪಾಡ್ಯ ಮುಗಿದ ಮರುದಿನ ಹೊತ್ತು ಮೂಡುವ ಮೊದಲೇ ಕುಷ್ಟಗಿ ಬಿಟ್ಟೆವು. ಮಗಳು ನೀಲವ್ವನನ್ನು ಚೊಚ್ಚಲ ಹೆರಿಗೆಗೆ ಗಂಡನ ಮನೆಯಿಂದ ಯಲಬುರ್ಗಾದ ನಮ್ಮ ಮನೆಗೆ ಕರೆದೊಯ್ಯುವ ಪ್ರಯಾಣವದು. ಜೊತೆಗೆ ನನ್ನ ಅಕ್ಕ ಶಾಂತವ್ವ ಇದ್ದಳು. ಬಂಡಿ ಹೊಡೆಯಲು ನಮ್ಮೂರಿನ ಹನುಮಪ್ಪ ಬಂದಿದ್ದ. ದಾರಿ ಏಳು ಹರದಾರಿ, ಅಂದರೆ ಇಪ್ಪತ್ತು ಮೈಲಿಯ ಮೇಲೆ. ಲಡಾಯಿಯ ಕಾಲವಾದ್ದರಿಂದ ಪೆಟ್ರೋಲಿಲ್ಲದೆ ಮೋಟಾರುಗಳು ನಿಂತುಹೋಗಿದ್ದವು. ಬಂಡಿಗೆ ನಮ್ಮ ಸಂಸ್ಥಾನದ ನಾಣ್ಯದಲ್ಲಿ ಮೂರು ಹಾಲಿ ರೂಪಾಯಿ ಬಾಡಿಗೆ ಗೊತ್ತುಮಾಡಿದ್ದೆ. ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತೇವೆಂದು ನನ್ನ ಅಂದಾಜು.

ಅವಸರಕ್ಕೆ ಕಾರಣವಿತ್ತು. ಹಿಂದಿನ ದಿನ ಬೀಗಿತ್ತಿ ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದರು: "ಯುಗಾದಿಗಿ ಹೊರಗಾಗಿದ್ದ ಕಡೀದರಿ. ಈಗ ಏಳು ತುಂಬ್ಯಾವ. ಎಂಟರಾಗ ಬಸುರಿ ಹೆಂಗಸು ದಾರಿ ತುಳೀಬಾರ್ದು. ನಾಳಿನ ಕರ್ಕೊಂಡು ಹೋಗ್ರಿ." ನಾನು ಲೆಕ್ಕದ ಮಾಸ್ತರ. ಚೈತ್ರ, ವೈಶಾಖ ಎಂದು ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಏಳು ಬಂತು. ಬೀಗಿತ್ತಿಯ ಲೆಕ್ಕಕ್ಕೆ ತಲೆದೂಗಿದೆ.

ಬಂಡಿಯಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಎರಡು ಕೌದಿ ಹಾಸಿದ್ದೆವು. ಬೆಳಗಿನ ಚಳಿ ಹಿತವಾಗಿತ್ತು. ಕೆಂಪು ಮಸಾರಿ ಹೊಲಗಳಲ್ಲಿ ಸಜ್ಜೆ ಕೊಯ್ದು ಬಯಲಾಗಿತ್ತು. ಕಪ್ಪು ಎರೆ ಹೊಲಗಳಲ್ಲಿ ಬಿಳಿಜೋಳ ಮೊಣಕಾಲೆತ್ತರ ನಿಂತಿತ್ತು. ಒಂದು ಹಳ್ಳದ ದಂಡೆಯಲ್ಲಿ ಎತ್ತು ಬಿಚ್ಚಿ ಬುತ್ತಿ ಉಂಡೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನೀಲವ್ವ ಅರ್ಧ ರೊಟ್ಟಿ ತಿಂದು ಸಾಕೆಂದಳು. ಬೀಗಿತ್ತಿಯ ಎಣ್ಣೆಗಾಯಿಯ ರುಚಿಗೆ ಮೂರು ರೊಟ್ಟಿ ಕತ್ತರಿಸಿದ ನಾನು ಅದನ್ನು ಗಮನಿಸಲಿಲ್ಲ.

ಅಲ್ಲಿಂದ ಒಂದು ಹರದಾರಿ ದಾಟಿರಬೇಕು. ಅಕ್ಕ ಕೌದಿ ಮುಟ್ಟಿ, "ತತ್ರಾಣಿ ಸೋರಾಕ ಹತ್ತೈತಿ ನೋಡೋ ತಮ್ಮಾ" ಎಂದಳು. ನಾನು ನೀರಿನ ಆ ಮಣ್ಣಿನ ಪಾತ್ರೆ ಎತ್ತಿ ನೋಡಿದೆ. ಹನಿ ಸೋರಿರಲಿಲ್ಲ. ನೀಲವ್ವ ಮುಖ ಆಚೆ ತಿರುಗಿಸಿ ಅಳುತ್ತಿದ್ದಳು. ಬಂಡಿಯ ಕುಲುಕಾಟಕ್ಕೆ ಮೂತ್ರ ಹೋಯಿತೆಂದು ತಿಳಿದು, ತಂದೆಯ ಮುಂದೆ ಹೇಳಲು ನಾಚಿ, ಅರ್ಧ ತಾಸಿನಿಂದ ತುಟಿ ಕಚ್ಚಿ ಕುಳಿತಿದ್ದಳಂತೆ. ಅಕ್ಕ ಅವಳ ಕಿವಿಯಲ್ಲಿ ಏನೋ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಸರಿನ ನೀರ ಒಡದೈತಿ" ಎಂದಳು. ಏಳು ತಿಂಗಳ ಕೂಸು, ಮುಂದೆಯೂ ಹಿಂದೆಯೂ ಮೂರೂವರೆ ಹರದಾರಿ. ದೊಡ್ಡ ದವಾಖಾನೆಗೆ ಹೋಗಬೇಕೆಂದರೆ ಕೊಪ್ಪಳ ಇನ್ನೂ ಎರಡು ದಿನದ ದಾರಿ.

"ಇಲ್ಲೇ ಬಲಕ್ಕ ಒಂದು ಹಳ್ಳಿ ಐತ್ರಿ. ಅಲ್ಲಿ ಫಕೀರವ್ವ ಅಂತ ಸೂಲಗಿತ್ತಿ ಅದಾಳ್ರಿ" ಎಂದ ಹನುಮಪ್ಪ, ನನ್ನ ಅಪ್ಪಣೆಗೂ ಕಾಯದೆ ಬಂಡಿ ತಿರುಗಿಸಿದ. ಆ ಹಳ್ಳಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಓದುಗರಿಗೆ ಮುಂದೆ ತಿಳಿಯುತ್ತದೆ.

ಫಕೀರವ್ವನದು ಕಂಬಳಿ ನೇಯುವವರ ಮನೆ. ಪಡಸಾಲೆಯ ತುಂಬ ಉಣ್ಣೆಯ ವಾಸನೆ, ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ. ಅರವತ್ತು ದಾಟಿದ ಹೆಂಗಸು, ಕೈ ಮಾತ್ರ ಹುಡುಗಿಯರ ಕೈಯಷ್ಟು ಸಣ್ಣ. ಮಗಳನ್ನು ಒಳಗಿನ ಕೋಣೆಯಲ್ಲಿ ಎಡ ಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಳು. "ಕೂಸು ಒದಿಯಾಕ ಹತ್ತೈತಿ. ನೀರು ತಿಳಿ ಐತಿ, ವಾಸನಿ ಇಲ್ಲ. ಬ್ಯಾನಿ ಇನ್ನಾ ಬಂದಿಲ್ಲ. ಕಾಯೂದು."

"ಒಳಗ ಕೈ ಹಾಕಿ ನೋಡವ್ವಾ, ಎಷ್ಟು ತೆರದೈತಿ ಅಂತ" ಎಂದಳು ಅಕ್ಕ.

"ಬಾಗಲಾ ಮುರದ ಮನ್ಯಾಗ ಧೂಳಗೈಲೆ ಹೋಗತಾರೇನ್ ಯವ್ವಾ? ನಂಜ ಏರಿದ್ರ ತಾಯಿನೂ ಇಲ್ಲ, ಕೂಸೂ ಇಲ್ಲ."

ಅಷ್ಟೇ. ಮತ್ತೆ ಆ ಮಾತು ಎತ್ತುವ ಧೈರ್ಯ ಅಕ್ಕನಿಗೆ ಬರಲಿಲ್ಲ. ನನಗೂ ಫಕೀರವ್ವ ಕೆಲಸ ಹಚ್ಚಿದಳು. ಹಳೆಯ ಸೀರೆಯ ತುಂಡುಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಸುಡುಬಿಸಿಲಿನಲ್ಲಿ ಒಣಗಿಸಬೇಕು, ನೆಲಕ್ಕೆ ತಾಕಿದ್ದನ್ನು ಮತ್ತೆ ಕುದಿಸಬೇಕು. ಹತ್ತಿಪ್ಪತ್ತು ವರ್ಷ ಸಾಲೆಯಲ್ಲಿ ಬೆತ್ತ ಹಿಡಿದ ಕೈ ಅರಿವೆ ಹಿಂಡುವುದನ್ನು ನೋಡಲು ಊರ ಹೆಂಗಸರೆಲ್ಲ ನೆಪ ಮಾಡಿಕೊಂಡು ಬಂದರು. ನಗಲಿ ಬಿಡಿ ಎಂದುಕೊಂಡೆ. ಮಾಡಲು ಏನಾದರೂ ಇತ್ತಲ್ಲ, ಅದೇ ನನಗೆ ಆಸರೆಯಾಗಿತ್ತು.

ಎರಡನೆಯ ದಿನ ಹನುಮಪ್ಪ ಯಲಬುರ್ಗಾಕ್ಕೆ ಹೋಗಿಬಂದ. ನನ್ನ ಹೆಂಡತಿ ಗುರುಬಸವ್ವ ಚಳಿಜ್ವರದಿಂದ ಮಲಗಿದ್ದಳು. ಬರಲಾಗದೆ ಅಕ್ಕಿ, ತುಪ್ಪ, ಮೆತ್ತನೆಯ ಅರಳೆ ಕಟ್ಟಿ ಕಳಿಸಿದ್ದಳು. ಅಕ್ಕ ಮೊದಲ ದಿನ ಈ ಮನೆಯ ನೀರು ಮುಟ್ಟಲೂ ಅನುಮಾನಿಸಿದ್ದಳು. ಮೂರನೆಯ ದಿನ ನೋಡಿದರೆ ಫಕೀರವ್ವನ ಒಲೆಯ ಮುಂದೆ ಕುಳಿತು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು, "ಚಿಂತಿ ಮಾಡಬ್ಯಾಡೋ. ಏಳರ ಕೂಸು ಬದಕ್ತಾವ. ಎಂಟಾಗಿದ್ರ ಆಶಾ ಬಿಡಬೇಕಿತ್ತು ನೋಡು" ಎಂದಳು. ಈ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದವನೇ. ನಂಬಿದವನೂ ಹೌದು. ಆ ಹೊತ್ತಿಗೆ ಅದು ಔಷಧದಂತೆ ಒಳಗಿಳಿಯಿತು.

ಮುಂಜಾನೆ, ಮಧ್ಯಾಹ್ನ, ಸಂಜೆ ಫಕೀರವ್ವ ಮಗಳ ಹಣೆ ಮುಟ್ಟುವಳು, ಅರಿವೆ ಮೂಸುವಳು, "ಛಲೋ ಐತಿ" ಎನ್ನುವಳು. ಆ ಒಂದು ಮಾತಿಗಾಗಿ ನಾನು ಪಡಸಾಲೆಯ ಕಂಬಕ್ಕೆ ಒರಗಿ ಕಾಯುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ನೋವು ಬಂತು. ಬಿಸಿಲು ಅಂಗಳದ ನಡುವಿಗೆ ಬರುವಷ್ಟರಲ್ಲಿ ಕೂಸು ಹುಟ್ಟಿತು. ಅಳು ಕೇಳಲಿಲ್ಲ. ಎಷ್ಟು ಹೊತ್ತೋ ತಿಳಿಯದು, ನನಗಂತೂ ಒಂದು ಯುಗವಾಯಿತು. ಒಳಗೆ ಬೆನ್ನು ತಿಕ್ಕುವ ಸಪ್ಪಳ, ಆಮೇಲೆ ಬೆಕ್ಕಿನ ಮರಿಯಂಥ ಕೀರಲು ದನಿ. ನಾನು ಕಂಬ ಹಿಡಿದುಕೊಂಡೇ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಫಕೀರವ್ವ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದಳು. ಅರಳೆಯಲ್ಲಿ ಸುತ್ತಿ, ಮೇಲೆ ಕಂಬಳಿ ಹೊದಿಸಿದ ಕೂಸಿನ ಕೈಯನ್ನಷ್ಟೇ ತೆರೆದು ತೋರಿಸಿದಳು.

"ಮಾಸ್ತರ್ರ, ಉಗರು ನೋಡ್ರಿ. ಬೆರಳಿನ ತುದೀ ಮಟಾ ಬಂದಾವ. ಏಳರ ಕೂಸಿಗೆ ಎಲ್ಲಿಂದ ಬರಬೇಕ್ರಿ? ಈ ವರ್ಷ ಅಧಿಕ ಮಾಸ ಬಂದಿತ್ತಲ್ಲ?"

ಬಂದಿತ್ತು. ಜ್ಯೇಷ್ಠ ಎರಡು ಸಲ ಬಂದಿತ್ತು. ಅಧಿಕದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಯಾವ ಶುಭವೂ ಇಲ್ಲವೆಂದು ಬೀಗಿತ್ತಿ ಆ ತಿಂಗಳನ್ನು ಬಸಿರಿನ ಎಣಿಕೆಯಿಂದಲೂ ಬಿಟ್ಟಿದ್ದರು. ಲೆಕ್ಕದ ಮಾಸ್ತರನೂ ಬೆರಳು ಮಡಚಿ ಬಿಟ್ಟಿದ್ದ. ದೇವರು ಬಿಟ್ಟಿರಲಿಲ್ಲ. ತುಂಬಿದ್ದು ಎಂಟು. ಎಂಟರಲ್ಲಿ ದಾರಿ ತುಳಿಸಬಾರದೆಂದು ಅವಸರ ಮಾಡಿ, ಎಂಟು ತುಂಬಿದವಳನ್ನೇ ಬಂಡಿ ಹತ್ತಿಸಿದ್ದೆವು.

ಎಂಟು ಎಂದ ಕೂಡಲೇ ನನ್ನ ಜೀವ ಹಾರಿತು. "ಹಂಗಾರ ಉಳಿಯೂದಿಲ್ಲೇನವ್ವಾ?" ಎಂದೆ.

ಫಕೀರವ್ವ ನಕ್ಕಳು. "ಏಳಕ್ಕಿಂತ ಎಂಟು ಹೆಚ್ಚೋ ಕಡಿಮಿಯೋ? ನೀವ ಹುಡುಗರಿಗೆ ಕಲಸ್ತೀರಿ. ಒಂದು ತಿಂಗಳ ಹೆಚ್ಚಿಗಿ ಹೊಟ್ಟ್ಯಾಗಿದ್ದ ಕೂಸು ಗಟ್ಟಿ ಇರಬೇಕೋ ಬ್ಯಾಡೋ? ಆದರ ಎಂಟು ಅಂದ್ರ ಮಂದಿ ಕೈ ಬಿಡ್ತಾರ್ರಿ. ಹ್ಯಾಂಗೂ ಹೋಗೂದು ಅಂತ ಹಾಲು ಹಾಕಂಗಿಲ್ಲ, ಬೆಚ್ಚಗ ಇಡಂಗಿಲ್ಲ. ಅದಕ್ಕ ಸಾಯ್ತಾವ. ನನ್ನ ಕೈಯಾಗ ಎಂಟರಾವು ಎಷ್ಟೋ ಉಳದಾವ. ಎಲ್ಲಾವನೂ ಏಳು ಅಂತನ ಹೇಳೀನಿ. ನೀವೂ ಹಂಗ ಹೇಳ್ರಿ. ನಿಮ್ಮ ಅಕ್ಕಗೂ ಹೇಳಬ್ಯಾಡ್ರಿ."

ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ನಿಶ್ಚಿಂತೆಯಿಂದಿದ್ದರು, ನಾನೊಬ್ಬ ಹೆದರಿದ್ದೆ. ಲೆಕ್ಕ ತಿಳಿದರೂ ಹೆದರಿಕೆ ಹೋಗಬೇಕಲ್ಲ! ಕೂಸಿಗೆ ಮೊಲೆ ಚೀಪುವ ಶಕ್ತಿ ಇರಲಿಲ್ಲ. ನೀಲವ್ವನ ಹಾಲು ಹಿಂಡಿ, ಅರಳೆಯ ಬತ್ತಿಯಿಂದ ಹನಿ ಹನಿಯಾಗಿ ಬಾಯಿಗೆ ಬಿಡುತ್ತಿದ್ದರು. ಏಳರ ಕೂಸೆಂಬ ಭರವಸೆಯಿಂದ ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಎದೆಗೆ ಅವಚಿಕೊಂಡು ಕುಳಿತಲ್ಲೇ ತೂಕಡಿಸುತ್ತಿದ್ದಳು. ಅಳಿಯ ಕುಷ್ಟಗಿಯಿಂದ ಬಂದು ನೋಡಿ, "ಏಳರದರೀ ಮಾವಾರ?" ಎಂದು ಕೇಳಿದ. "ಹೌದಪಾ, ಏಳು" ಎಂದೆ. ಹನ್ನೊಂದನೆಯ ದಿನ ಕೂಸು ತಾನಾಗಿ ಮೊಲೆ ಹಿಡಿಯಿತು. ಆ ಹೊತ್ತಿಗೆ ಫಕೀರವ್ವ ಹೊಲದಲ್ಲಿದ್ದಳು. ಹೇಳಲೆಂದು ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಇಪ್ಪತ್ತೆರಡನೆಯ ದಿನ ಹೊರಟೆವು. ಸೀರೆ ಕೊಟ್ಟೆ, ಜೋಳ ಕಳಿಸುತ್ತೇನೆಂದೆ. ಫಕೀರವ್ವ ಸೀರೆ ಇಟ್ಟುಕೊಂಡಳು. ಕೂಸಿನ ಕಂಬಳಿ ಬಿಚ್ಚಿ ಕೊಡಲು ಹೋದರೆ ಬೇಡವೆಂದಳು. ನಾನು ಆ ಹೆಂಗಸಿನ ಕಾಲು ಮುಟ್ಟಿದೆ. ಮಾಸ್ತರ ಹೀಗೆ ಮಾಡಬಾರದೆಂದು ಊರ ಹಿರಿಯರು ಗದ್ದಲ ಮಾಡಿದರು. ಮಾಡಲಿ ಬಿಡಿ. ನನಗೆ ಇಂದಿಗೂ ಅದರ ಸಂತೋಷವಿದೆ.

ಯಲಬುರ್ಗಾದ ಮನೆಯ ಬಾಗಿಲಲ್ಲಿ ಗುರುಬಸವ್ವ ರೊಟ್ಟಿಯ ತುಂಡು ನಿವಾಳಿಸಿ ಎಸೆದು ಮೊಮ್ಮಗಳನ್ನು ಎತ್ತಿಕೊಂಡಳು. ಮಗಳೂ ಅಕ್ಕನೂ ಮಲಗಿದ ಮೇಲೆ ನನ್ನ ಮುಂದೆ ಬಂದು ಕುಳಿತಳು.

"ಎಷ್ಟರಾಗ ಹುಟ್ಟಿತ್ರಿ?"

"ಏಳರಾಗ" ಎಂದೆ. ಹದಿನೆಂಟು ದಿನ ಹೇಳಿ ಹೇಳಿ ನಾಲಿಗೆ ಪಳಗಿತ್ತು.

"ಅಧಿಕ ಮಾಸ ಹಿಡದು ಏಳೋ, ಬಿಟ್ಟು ಏಳೋ?"

ಅವಳು ಕೂಸಿನ ತಲೆಯ ಕುಂಚಿಗೆ ಸರಿಮಾಡುತ್ತ ಮೆಲ್ಲಗೆ ಅಂದಳು: "ನೀಲವ್ವನೂ ದಿನಾ ತುಂಬೂಕಿಂತ ಮೊದಲ ಹುಟ್ಟಿದಾಕಿ ಅಲ್ರಿ? ಆವಾಗ ನೀವೂ ಕೇಳಿದ್ರಿ, ಏಳರದು ಹೌದಲ್ಲ ಅಂತ. ನಾನು ಹೌದು ಅಂದೆ."