ಸೀತಕ್ಕನ ಇಂಬಳದ ಮುಲಾಮು

ನೆಮ್ಮಾರಿನ ಸೀತಕ್ಕನಿಗೆ ಸಿಟ್ಟು ಬರಿಸುವುದು ಬಹಳ ಸುಲಭ. ಕೊಪ್ಪದ ಮೆಡಿಕಲ್ ಶಾಪಿಗೆ ಕರೆದುಕೊಂಡು ಹೋದರೆ ಸಾಕು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮೊಮ್ಮಗಳ ಕಿವಿಗೆ ಡಾಕ್ಟರು ಬರೆದ ಹನಿಯ ಬೆಲೆ ಕೇಳಿದ್ದೇ, "ಎಂತದು ಮಾರಾಯ, ಇದರೊಳಗೆ ಬಂಗಾರ ಅರೆದು ಹಾಕಿದ್ದಾರ?" ಎಂದು ಅಂಗಡಿಯ ವಿಘ್ನೇಶ್ವರನ ಮೇಲೆ ಏರಿ ಹೋದರು. ಅಭ್ಯಾಸವಾಗಿದ್ದ ಅವನು ನೊಣ ಓಡಿಸುತ್ತಾ ನಿಂತಿದ್ದ.

ಸೊಸೆ ನಯನ ಮೈಸೂರಿನಲ್ಲಿ ಫಾರ್ಮಸಿ ಓದಿದವಳು. ಮಗು ಸೀನಿದರೆ ಥರ್ಮಾಮೀಟರ್ ಹುಡುಕುವವಳು, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಹೆದರುವವಳು. "ಅತ್ತೆ, ಒಂದು ಹೊಸ ಔಷಧಿಗೆ ಸಾವಿರಾರು ಪದಾರ್ಥ ಪರೀಕ್ಷೆ ಮಾಡ್ತಾರೆ. ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗಲ್ಲ. ಒಗ್ಗಿದರೂ ರೋಗ ವಾಸಿಯಾಗಲ್ಲ. ವರ್ಷಗಟ್ಟಲೆ ಆದಮೇಲೆ ಒಂದು ಗೆಲ್ಲುತ್ತೆ. ಸೋತ ಎಲ್ಲದರ ಖರ್ಚನ್ನೂ ಅದೇ ಹೊರಬೇಕು."

"ಅವರು ಸೋತಿದ್ದಕ್ಕೆ ನಾನು ದಂಡ ಕಟ್ಟೋದಾ? ಈ ಮಳೆಗಾಲದಲ್ಲಿ ನಾನೇ ಒಂದು ಔಷಧಿ ಮಾಡಿ ತೋರಿಸ್ತೀನಿ, ನೋಡ್ತಿರು."

ಸೀತಕ್ಕ ಹೇಳಿದ್ದನ್ನು ಮಾಡುವ ಹೆಂಗಸು. ಗಂಡ ವೆಂಕಟರಮಣ ಬೇಡವೆಂದ ಒಂದೇ ಕಾರಣಕ್ಕೆ ನಲವತ್ತು ದಾಟಿದ ಮೇಲೆ ಲೂನಾ ಕಲಿತು, ಅವರನ್ನೇ ಹಿಂದೆ ಕೂರಿಸಿಕೊಂಡು ಶೃಂಗೇರಿಗೆ ಹೋಗಿ ಬಂದವರು. ಈ ಸಲ ಹಿಡಿದದ್ದು ಇಂಬಳವನ್ನು. ಮಳೆಗಾಲದ ಕಾಫಿ ತೋಟದಲ್ಲಿ ಕಾಲಿಗೆ ಹತ್ತಿ ರಕ್ತ ಕುಡಿಯುವ ಆ ಜಿಗಣೆಯನ್ನು ದೂರವಿಡಲು ಬೇವಿನೆಣ್ಣೆ, ಬಜೆ, ಕರ್ಪೂರ, ಜೇನುಮೇಣ ಕಾಯಿಸಿ ಮುಲಾಮು ಮಾಡಿದರು. ವಾಸನೆಗೆ ಬೆಕ್ಕು ಅಡುಗೆಮನೆ ಬಿಟ್ಟು ಕೊಟ್ಟಿಗೆ ಸೇರಿತು. ಇದು ಮೊದಲ ಗೆಲುವೆಂದುಕೊಂಡರು ಸೀತಕ್ಕ. ಫಲ ಕೊಟ್ಟರೆ ಅಂಗಡಿಯಲ್ಲಿಡುತ್ತೇನೆಂದು ವಿಘ್ನೇಶ್ವರ ಬಾಯಿತಪ್ಪಿ ಅಂದಿದ್ದ. ಡಬ್ಬಿಯ ಮೇಲೆ ಹಾಕಲು ಅವರು ಮೂಗುತಿ ಕಾಣುವಂತೆ ಫೋಟೊ ತೆಗೆಸಿಕೊಂಡೂ ಬಂದರು.

"ಕೆಲಸದವರು ಒಪ್ಪಿದರೆ ಎಡಗಾಲಿಗೆ ಮಾತ್ರ ಹಚ್ಚಿ ಅತ್ತೆ. ಬಲಗಾಲು ಹಾಗೇ ಇರಲಿ. ಆಗ ವ್ಯತ್ಯಾಸ ಗೊತ್ತಾಗುತ್ತೆ," ಎಂದಳು ನಯನ.

ತೋಟದ ಕೆಲಸದ ಗಿಡ್ಡಯ್ಯನೂ ಸುಬ್ಬಿಯೂ ಒಪ್ಪಿದರು. ಸಂಜೆ ಅಂಗಳದಲ್ಲಿ ಕಾಲು ಚಾಚಿದರೆ ಎಡಗಾಲಿನಲ್ಲಿ ಒಂದು ಇಂಬಳವೂ ಇಲ್ಲ. ಬಲಗಾಲಿನಲ್ಲೂ ಇಲ್ಲ.

"ನಿಮ್ಮ ಮದ್ದು ಅಂದ್ರೆ ಮದ್ದು ಸೀತಕ್ಕ! ಒಂದು ಕಾಲಿಗೆ ಹಚ್ಚಿದ್ರೆ ಇನ್ನೊಂದಕ್ಕೂ ಹತ್ತುತ್ತೆ," ಎಂದ ಗಿಡ್ಡಯ್ಯ.

ಸೀತಕ್ಕ ಆಗಲೇ ಫೋನು ಮಾಡಿ, ಮುಂದಿನ ಸಾಲಿನಲ್ಲೇ ಜಾಗ ಮಾಡು ಎಂದು ವಿಘ್ನೇಶ್ವರನಿಗೆ ಅಪ್ಪಣೆ ಕೊಟ್ಟರು. ನಯನಳ ಮುಖ ಬಿಳುಚಿತು. "ಅದು ಹೇಗೆ ಅತ್ತೆ? ರಕ್ತಕ್ಕೆ ಇಳೀತಾ? ದಯವಿಟ್ಟು ಮಗುವಿನ ಹತ್ತಿರ ತರಬೇಡಿ."

"ನಿನಗೆ ಹೊಟ್ಟೆಕಿಚ್ಚು ಕಣೆ," ಎಂದರೂ ಆ ಬಲಗಾಲು ಅವರ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಬೆಳಿಗ್ಗೆ ತೋಟಕ್ಕೆ ಹೋದರೆ, ಗೊಬ್ಬರದ ಗುಂಡಿಯ ಹಿಂದೆ ಇಬ್ಬರೂ ಎರಡೂ ಕಾಲಿಗೆ ಏನನ್ನೋ ಬಳಿದುಕೊಳ್ಳುತ್ತಿದ್ದಾರೆ.

"ಎಂತದೋ ಅದು?"

"ಹೊಗೆಸೊಪ್ಪು, ಸುಣ್ಣ," ಎಂದ ಗಿಡ್ಡಯ್ಯ, ನೆಲ ನೋಡುತ್ತಾ.

"ನಿನ್ನೆಯೂ?"

"ನಿಮ್ಮದು ಹೊಸ ಮದ್ದಲ್ದಾ ಅಮ್ಮ," ಎಂದಳು ಸುಬ್ಬಿ. "ಅದು ಕೈಕೊಟ್ರೆ ಕಾಲು ನಮ್ದು. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಾದ್ವಿ."

ಸೀತಕ್ಕನೂ ಸುಮ್ಮನಿದ್ದುಬಿಟ್ಟಿದ್ದರೆ ಫೋಟೊ ಅಂಗಡಿ ಸೇರುತ್ತಿತ್ತು. ಮುಲಾಮನ್ನೇ ನಂಬಿ ಬರಿಗಾಲಲ್ಲಿ ಶಾಲೆಗೆ ಹೋಗುವ ಮಕ್ಕಳ ಕಾಲು ಮಾತ್ರ ಕಣ್ಣೆದುರು ಬಂತು. ಸೀರೆ ಎತ್ತಿ ಕಟ್ಟಿ, ಎಡಗಾಲಿಗೆ ಮುಲಾಮು ಬಳಿದು, ಹಳ್ಳದ ದಂಡೆಯ ಹಸಿ ದರಗೆಲೆಗಳೊಳಗೆ ತಾವೇ ಓಡಾಡಿ ಬಂದರು. ಬಲಗಾಲಿನಲ್ಲಿ ಇಂಬಳ ನೇತಾಡುತ್ತಿದ್ದವು. ಎಡಗಾಲಿನಲ್ಲಿ ಇನ್ನೂ ಹೆಚ್ಚು, ಇನ್ನೂ ದಪ್ಪ.

"ರುಚಿ ಹತ್ತಿದೆ ಅವಕ್ಕೆ," ಎಂದಳು ಸುಬ್ಬಿ.

ಸೀತಕ್ಕ ವಿಘ್ನೇಶ್ವರನಿಗೆ ಫೋನು ಮಾಡಿ, "ಜಾಗ ಬೇಡ ಮಾರಾಯ, ಸೋತಿತು," ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಕಾಲಿಗೆ ಸುಣ್ಣ ಒತ್ತಿಕೊಳ್ಳುತ್ತಾ ಸೊಸೆಯನ್ನು ಕೇಳಿದರು: "ನಿಮ್ಮ ಔಷಧಿ ಕಂಪನಿಯೋರು ಸೋತಿದ್ದನ್ನ ಎಂತ ಮಾಡ್ತಾರೆ?"

"ಎಸೀತಾರೆ ಅತ್ತೆ. ಎಲ್ಲೋ ಒಮ್ಮೊಮ್ಮೆ, ಬೇರೆ ಏನಕ್ಕಾದರೂ ಆಗುತ್ತಾ ಅಂತ ನೋಡ್ತಾರೆ."

ಸೀತಕ್ಕ ತಮ್ಮ ಬಿರುಕುಬಿಟ್ಟ ಹಿಮ್ಮಡಿಗಳನ್ನು ನೋಡಿಕೊಂಡರು. ಆ ದಿನದಿಂದ ಎಡ ಹಿಮ್ಮಡಿಗೆ ಮಾತ್ರ ಮುಲಾಮು. ಒಂದು ಸಂಜೆ ಗಿಡ್ಡಯ್ಯ, ಪಾಪ, ಬಿರುಕಿಗೆ ಒಳ್ಳೆಯದೆಂದು ಹರಳೆಣ್ಣೆಯ ಬಟ್ಟಲು ಹಿಡಿದು ಬಂದ. ಸೀತಕ್ಕ ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಅಲ್ಲೇ ನಿಲ್ಲು ಮಾರಾಯ! ಈ ಕಾಲು ಪರೀಕ್ಷೆಗೆ ಕೂತಿದೆ."