ಹೊಟ್ಟಿನ ಪೆಟ್ಟಿಗೆಯ ಯಕ್ಕ

ಮೊನ್ನೆ ಮಧ್ಯಾಹ್ನ ಸೊಸೆ ಹಿತ್ತಲ ಕಿಟಕಿ ತೆರೆದಿಟ್ಟು ಹೋಗಿದ್ದಳು. ಗಂಗಾವತಿಯ ನಮ್ಮ ಓಣಿಗೆ ಗಾಳಿ ತಿರುಗಿದರೆ ರೈಸ್ ಮಿಲ್ಲಿನ ವಾಸನೆ ನೇರ ಮನೆಯೊಳಗೇ ಬರುತ್ತದೆ. ಎಲ್ಲೋ ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ತಗುಲಿತ್ತೇನೋ… ಉರಿಯಿಲ್ಲದೆ ಒಳಗೊಳಗೇ ಸುಡುವ ಆ ಕಮಟು ಸ್ಮೆಲ್. ಓದುತ್ತಿದ್ದ ಪುಸ್ತಕ ಕೈಜಾರಿತು. ದೂರದ ಹೊಗೆ, ನಮಗೇನೂ ಆಗದು ಎಂದು ಗೊತ್ತಿದ್ದೂ ಎದೆ ಹೊಡೆದುಕೊಳ್ಳತೊಡಗಿತು. ಬಾಜೂ ಮನೆಯಾಕೆ ನೆನಪಾದಳು.

ನಾನು ಆಕೆಯನ್ನು ಯಕ್ಕಾ ಎನ್ನುತ್ತಿದ್ದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳೆಂದು ಆಕೆ ನನ್ನನ್ನು ಅಕ್ಕೋರು ಎನ್ನುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹಿರಿಯರಾಗಿಯೇ ವರ್ಷಗಳು ಕಳೆದವು. ಆಕೆಯ ಗಂಡ ಮಿಲ್ಲಿನಲ್ಲಿ ಹಮಾಲ. ಮಗಳು ಒಬ್ಬಳೇ. ನಮ್ಮ ಹಿತ್ತಲಿಗೂ ಅವರ ಒಂದೇ ಖೋಲಿಯ ಮನೆಗೂ ನಡುವೆ ಎದೆಮಟ್ಟದ ಗೋಡೆಯೊಂದೇ.

ಉಳಿತಾಯದಲ್ಲಿ ಆಕೆಯಂಥವರನ್ನು ನಾನು ಕಂಡಿಲ್ಲ. ಅಕ್ಕಿ ಅಳೆದ ಮೇಲೆ ಒಂದು ಹಿಡಿ ತಿರುಗಿ ಡಬ್ಬಿಗೆ ಸುರಿಯುತ್ತಿದ್ದಳು. ಸವೆದ ಸಾಬೂನಿನ ಚೂರನ್ನು ಹೊಸದಕ್ಕೆ ಒತ್ತಿ ಅಂಟಿಸುತ್ತಿದ್ದಳು. ಹಳೆಯ ಸೀರೆಗಳೆಲ್ಲ ಹೊದೆಯುವ ಕೌದಿಯಾಗುತ್ತಿದ್ದವು. ಎಲ್ಲಕ್ಕಿಂತ ಇಂಟರೆಸ್ಟಿಂಗ್ ಆದದ್ದು ಮೂಲೆಯಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆ. ಅದರ ತುಂಬ ಮಿಲ್ಲಿನಿಂದ ಪುಕ್ಕಟೆ ತಂದ ಹೊಟ್ಟು. ಬೇಳೆಯೋ ಅನ್ನವೋ ಒಂದು ಕುದಿ ಬಂದೊಡನೆ ಗ್ಯಾಸ್ ಆರಿಸಿ, ಮುಚ್ಚಳ ಬಿಗಿದು, ಬೋಗುಣಿಯನ್ನು ಹೊಟ್ಟಿನೊಳಗೆ ಹೂಳುತ್ತಿದ್ದಳು. ಬಿಸಿ ಹೊರಗೆ ಹೋಗದೆ ಅದು ತಾನೇ ಬೇಯುತ್ತಿತ್ತು. ಒಂದು ಸಿಲಿಂಡರ್ ನಮ್ಮ ಮನೆಯಲ್ಲಿ ಬರುವುದರ ಎರಡು ಪಟ್ಟು ಕಾಲ ಅವರಲ್ಲಿ ಬರುತ್ತಿತ್ತು. ಹಾಗೆ ಉಳಿದ ದುಡ್ಡೂ ಅದೇ ಪೆಟ್ಟಿಗೆಯ ತಳದಲ್ಲಿ, ಗೋಣಿತಟ್ಟಿನ ಕೆಳಗೆ ಕೂತಿರುತ್ತಿತ್ತು. ಹೊಟ್ಟು ಮೈಗೆ ತಾಗಿದರೆ ತುರಿಕೆ, ಹಾಗಾಗಿ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ.

"ಬ್ಯಾಂಕಿಗೆ ಹಾಕಬಾರದೇನ ಯಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಬ್ಯಾಂಕ್ ಸಂಜೀಗೆ ಬಾಗಲಾ ಹಾಕ್ತೈತ್ರಿ ಅಕ್ಕೋರ. ಹೆರಿಗಿ ನೋವು ಟೈಮ್ ನೋಡಿ ಬರ್ತೈತೇನು?"

ನಾನು ಓದಿದ ಕಾನ್ವೆಂಟಿನ ಸಿಸ್ಟರ್ 'ಥ್ರಿಫ್ಟ್' ಎಂದು ಬೋರ್ಡಿನ ಮೇಲೆ ಬರೆದು, ಮಿತವ್ಯಯ ಒಂದು ವರ್ಚ್ಯೂ, ಸದ್ಗುಣ ಎಂದು ಹೇಳಿಕೊಟ್ಟಿದ್ದರು. ಯಕ್ಕನಿಗೆ ಅದು ಬರೀ ಅಂಜಿಕೆಯಾಗಿತ್ತು. ಯಲಬುರ್ಗಾದ ಕಡೆಯ ಹಳ್ಳಿಯೊಂದರಲ್ಲಿ ಆಕೆಯ ಅಕ್ಕನಿಗೆ ಹೆರಿಗೆ ಕಷ್ಟವಾದಾಗ, ಜೀಪಿನವನು ಮೊದಲು ರೊಕ್ಕ ಕೈಯಲ್ಲಿಡಿ ಎಂದನಂತೆ. "ಮನಿ ಮನಿ ತಿರಿಗಿ ಕೂಡಿಸಿಕೊಂಡು ಬರೂದ್ರಾಗ…" ಎನ್ನುವಷ್ಟಕ್ಕೇ ಯಾವಾಗಲೂ ಮಾತು ನಿಲ್ಲಿಸಿಬಿಡುತ್ತಿದ್ದಳು.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಆ ಅಂಜಿಕೆ ಇನ್ನೂ ಹೆಚ್ಚಿತು. ದಿನಗಳು ಹತ್ತಿರ ಬಂದಿದ್ದವು. ಅಂಥದ್ದರಲ್ಲಿ ಸಿಲಿಂಡರ್ ಮುಗಿಯಿತು, ಹೊಸದು ಬರಲಿಲ್ಲ. ಯಕ್ಕ ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡಿದಳು. ಮಸಿ ಉಜ್ಜಲು ಪೌಡರ್ ಖರ್ಚಾಗಬಾರದೆಂದು ಬೋಗುಣಿಯ ತಳಕ್ಕೆ ಹಸಿಮಣ್ಣು ಮೆತ್ತಿದಳು. ಬೇಳೆ ಕುದಿ ಬಂದಾಗ, ರೂಢಿಯಂತೆ, ಒಯ್ದು ಹೊಟ್ಟಿನೊಳಗೆ ಹೂತಳು. ಒಣಗಿ ಬಿರುಕುಬಿಟ್ಟ ಆ ಮಣ್ಣಿಗೆ ಒಂದು ಕೆಂಡದ ಚೂರು ಅಂಟಿಕೊಂಡಿದ್ದನ್ನು ನೋಡಲಿಲ್ಲ.

ಮಗಳು ಮಂಗಗಳ ಕಾಟಕ್ಕೆ ಕಿಟಕಿ ಮುಚ್ಚಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿದಳು. ಯಕ್ಕ ಗೋಡೆಯ ಹತ್ತಿರ ನನ್ನೊಡನೆ ಮಾತಿಗೆ ನಿಂತಳು.

"ಇದು ಎರಡನೇ ಚಹಾ ಏನ್ರಿ ಅಕ್ಕೋರ? ನಿಮ್ಮ ಪೆನ್ಶನ್ ಎಲ್ಲಾ ಸಕ್ರಿ ಅಂಗಡಿಯವ್ಗ ಹೊಂಟೈತಿ ನೋಡ್ರಿ."

"ನಿಮ್ಮಂಗ ಒಂದು ಕಪ್ ಮೂರು ಸಲ ಕಾಸಿ ಕುಡಿಯಾಕ ನನಗ ಬರಂಗಿಲ್ಲ ಬಿಡ್ರಿ."

ನಗುತ್ತಿದ್ದವಳು ಫಕ್ಕನೆ ಮನೆಯ ಕಡೆ ತಿರುಗಿದಳು. ಮೂಗು ಅರಳಿಸಿದಳು. ನನಗೂ ಬಂತು ಆ ವಾಸನೆ. ಬಾಗಿಲ ಸಂದಿಯಿಂದ ಹೊಗೆ, ತೆಳ್ಳಗೆ, ಅವಸರವೇ ಇಲ್ಲದೆ ಹೊರಬರುತ್ತಿತ್ತು.

ಯಕ್ಕ ಓಡಿದಳು. ಬಾಗಿಲು ಬಡಿದಳು, ಕೂಗಿದಳು. ನಾನು ಸುತ್ತಿ ಬರುವಷ್ಟರಲ್ಲಿ ಆಕೆ ಹಿತ್ತಲಲ್ಲಿದ್ದ ಒನಕೆ ಎತ್ತಿಕೊಂಡು ಬಾಗಿಲಿಗೆ ಅಪ್ಪಳಿಸುತ್ತಿದ್ದಳು. ಆ ಸದ್ದಿನ ನಡುನಡುವೆ ನಾನು ಒಳಗಿನ ಕೆಮ್ಮಿಗಾಗಿ, ನರಳಾಟಕ್ಕಾಗಿ ಕಿವಿಗೊಟ್ಟೆ… ಏನೂ ಇಲ್ಲ. ಕಾನ್ವೆಂಟಿನ ಪ್ರೇಯರ್ ಒಂದು ನಾಲಿಗೆಗೆ ಬಂತು, ಅರ್ಧಕ್ಕೇ ಮರೆತುಹೋಯಿತು.

ಚಿಲಕ ಕಿತ್ತು ಬಂತು. ಇಬ್ಬರೂ ಸೇರಿ ಹುಡುಗಿಯನ್ನು ಎಳೆದು ತಂದು ಬೇವಿನ ನೆರಳಲ್ಲಿ ಮಲಗಿಸಿ ಮುಖಕ್ಕೆ ನೀರು ಹೊಡೆದೆವು. ಕೊನೆಗೂ ಕೆಮ್ಮಿದಳು. ಕಣ್ಣು ಬಿಟ್ಟು "ಯವ್ವಾ" ಎಂದಳು. ಯಕ್ಕ ಮಾತ್ರ ಅವಳ ಮುಖ ನೋಡುತ್ತಿರಲಿಲ್ಲ. ಎರಡೂ ಅಂಗೈಯನ್ನು ಮಗಳ ಹೊಟ್ಟೆಯ ಮೇಲಿಟ್ಟು ಕೂತಿದ್ದಳು.

"ಕೂಸು ಮಿಸುಕಾಡತೈತೇನ?"

ಹುಡುಗಿ ಗೊತ್ತಾಗುತ್ತಿಲ್ಲ ಎಂಬಂತೆ ನೋಡಿದಳು. ನಾವು ಮೂವರೂ ಕಾದೆವು. ಅಷ್ಟು ಉದ್ದದ ಮಧ್ಯಾಹ್ನ ನನ್ನ ಬದುಕಿನಲ್ಲಿ ಮತ್ತೊಂದಿಲ್ಲ. ಆಮೇಲೆ ಯಕ್ಕ ಥಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು. "ಒದೀತ್ರಿ… ಅಕ್ಕೋರ, ಒದೀತು!"

ಪೆಟ್ಟಿಗೆಯ ಮೇಲೆ ನೀರು ಸುರಿದವಳು ನಾನು. ತಳದ ನೋಟುಗಳು ಕರ್ರಗೆ ಎಲೆಯಂತೆ ಮುರುಟಿದ್ದವು. ಯಕ್ಕ ಬಂದು ನೋಡಿ, "ಈಗ ನೋವು ಬಂದ್ರ ಏನ್ ಮಾಡ್ಲಿ ನಾನು?" ಎಂದು ಹೊಸಿಲ ಮೇಲೆ ಕುಸಿದಳು. ನಾನಿದ್ದೇನೆ ಎಂದೆ. ತಲೆಯಾಡಿಸಿದಳು, ಕಣ್ಣಿನೊಳಗಿನ ಅಂಜಿಕೆ ಮಾತ್ರ ಹೋಗಲಿಲ್ಲ. ಮುಂದೆ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಸರಳವಾಗಿಯೇ ಆಯಿತು. ಹೆಣ್ಣುಕೂಸು. ಬಾಣಂತಿ ಮನೆಗೆ ಬರುವ ಮೊದಲೇ ಯಕ್ಕ ಮಿಲ್ಲಿಗೆ ಹೋಗಿ ಹೊಸ ಹೊಟ್ಟು ತಂದಿದ್ದಳು.

"ನಿಮಗ ಅಂಜಿಕಿ ಬರಂಗಿಲ್ಲೇನ್ರಿ ಯಕ್ಕಾ?" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಅಂಜಿಕಿ ಐತಿ ಅಂತನ ತುಂಬಾಕತ್ತೀನ್ರಿ."

ಹೋದ ವರ್ಷ ಆಕೆಗೆ ಎದೆನೋವು ಶುರುವಾಯಿತು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಸುಮ್ನ ಖರ್ಚು ಯಾಕ್ರಿ? ವಾಯು ಆಗೈತಿ, ಜೀರಿಗಿ ನೀರು ಕುಡದ್ರ ಹೋಗ್ತೈತಿ" ಎಂದು ನಕ್ಕಳು. ಕೊನೆಗೆ ನೋವು ತಡೆಯಲಾಗದೆ ಕೊಪ್ಪಳದ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿ, ಗಾಡಿಯಲ್ಲೇ ಹೋಗಿಬಿಟ್ಟಳು. ಆಮೇಲೆ ಮಗಳು ಪೆಟ್ಟಿಗೆ ಬರಿದು ಮಾಡಿದಾಗ ದುಡ್ಡಿತ್ತು. ದೊಡ್ಡ ಆಸ್ಪತ್ರೆಗೆ ಸಾಲುವಷ್ಟೇ ಇತ್ತು. ಎಲ್ಲರಿಗಾಗಿ ಅಂಜಿದ ಹೆಂಗಸು ತನಗಾಗಿ ಒಮ್ಮೆಯೂ ಅಂಜಲಿಲ್ಲ.

ಈಗ ಆ ಖೋಲಿಯಲ್ಲಿ ಬೇರೆ ಯಾರೋ ಇದ್ದಾರೆ, ಗೋಡೆಯನ್ನೂ ಎತ್ತರಿಸಿದ್ದಾರೆ. ನಿನ್ನೆ ಬೆಳಿಗ್ಗೆ ನನ್ನ ಎದೆಯೂ ಒಮ್ಮೆ ಹಿಡಿದಂತಾಯಿತು. ಈ ವಯಸ್ಸಿಗೆ ಸಹಜ, ಮಗನಿಗೆ ಯಾಕೆ ವೃಥಾ ಖರ್ಚು ಎಂದು ಸುಮ್ಮನಿರಲು ನೋಡಿದೆ. ಆಗಲಿಲ್ಲ. ಐ ವಾಸ್ ಅಫ್ರೇಡ್. ಸೊಸೆಯನ್ನು ಕರೆದು, ಆಟೋ ತರಿಸು ಎಂದೆ.