ಮಾವನಿಗಿಲ್ಲದ ಬಿಪಿ

ನರ್ಸ್ ಮತ್ತೊಮ್ಮೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಈ ಸಲವೂ ನೂರ ಎಪ್ಪತ್ತರ ಮೇಲೆಯೇ.

ನಮ್ಮ ಯಜಮಾನರು ನನ್ನ ಕಡೆ ತಿರುಗಿ, "ಇವರ ಮೆಶಿನ್ ಸರಿ ಇಲ್ಲ" ಅಂದರು.

ವಾರದಿಂದ ತಲೆನೋವು ಎನ್ನುತ್ತಿದ್ದ ಮನುಷ್ಯನನ್ನು ಗಲ್ಫಿನ ಅಲ್ ಹೈಲ್‌ನಲ್ಲಿ ನಮ್ಮ ಮನೆ ಹತ್ತಿರದ ಕ್ಲಿನಿಕ್‌ಗೆ ಎಳೆದುಕೊಂಡು ಬರುವಷ್ಟರಲ್ಲಿ ನನಗೇ ಬಿಪಿ ಏರಿತ್ತು. ರಜೆಯ ಶುಕ್ರವಾರವೂ ಮಲಗಲು ಬಿಡುವುದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಾಟ.

ಡಾಕ್ಟರ್ ಕಣ್ಣೂರಿನ ಕಡೆಯ ಮಲಯಾಳಿ ಹೆಂಗಸು. ಫ್ಯಾಮಿಲಿಯಲ್ಲಿ ಯಾರಿಗಾದರೂ ಬಿಪಿ, ಸ್ಟ್ರೋಕ್ ಇದೆಯಾ ಎಂದು ಕೇಳಿದರು.

"ಯಾರಿಗೂ ಇಲ್ಲ," ಎಂದರು ಇವರು ಎದೆಯುಬ್ಬಿಸಿ. "ನನ್ನ ಸೋದರಮಾವನಿಗೆ ಎಂಬತ್ತು ದಾಟಿದೆ. ಈಗಲೂ ಒಣಮೀನು ಇಲ್ಲದೆ ಗಂಜಿ ಇಳಿಯುವುದಿಲ್ಲ. ಒಂದು ಮಾತ್ರೆ ಇಲ್ಲ."

ನಾನು ಬಾಯಿ ಬಿಟ್ಟುಕೊಂಡು ಕೂತೆ. ಇವರ ಅಪ್ಪ ಬಿಪಿ ಏರಿ ಸ್ಟ್ರೋಕ್ ಹೊಡೆದು, ಒಂದು ಪಕ್ಕ ಸ್ವಾಧೀನ ತಪ್ಪಿ, ಹಾಸಿಗೆಯಲ್ಲೇ ತೀರಿಹೋದವರು. ರಜೆಯಲ್ಲಿ ಊರಿಗೆ ಹೋದಾಗ ಅವರಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದು ಇದೇ ಮಗ. ಇಬ್ಬರು ಚಿಕ್ಕಪ್ಪಂದಿರೂ ಬಿಪಿ ಮಾತ್ರೆಯಲ್ಲೇ ಇದ್ದಾರೆ.

"ಮತ್ತೆ ನಿಮ್ಮ ಅಪ್ಪ?" ಎಂದೆ.

"ಅವರು ಬೇರೆ ಕುಟುಂಬ ಅಲ್ವಾ ಮಾರಾಯ್ತಿ."

ನಮ್ಮ ತುಳುವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಅನೇಕರಿಗೆ ಕುಟುಂಬ ಎಂದರೆ ತಾಯಿಯ ಕಡೆ. ಆಸ್ತಿ ಮಾವನಿಂದ, ಮನೆತನ ಮಾವನಿಂದ, ದೈವದ ಮುಂದೆ ನಿಲ್ಲುವುದೂ ಮಾವನ ಹಿಂದೆ. ಅಪ್ಪ ಎಷ್ಟೇ ಪ್ರೀತಿಯವರಾಗಿರಲಿ, ಅವರ ಕುಟುಂಬ ಬೇರೆ.

ಸರಿ, ಒಪ್ಪೋಣ. ಆದರೆ ರಕ್ತನಾಳಗಳಿಗೆ ಇದನ್ನೆಲ್ಲ ಯಾರು ಹೇಳಿಕೊಡುವುದು?

ಡಾಕ್ಟರ್ ನಕ್ಕರು. ಅವರ ಊರಿನ ಕೆಲವರಲ್ಲೂ ಹಿಂದೆ ಇದೇ ಪದ್ಧತಿಯಂತೆ. ಬಿಪಿ ಅಪ್ಪನ ಕಡೆಯಿಂದಲೂ ಬರುತ್ತದೆ, ನಮ್ಮ ದೇಶದ ಜನರಿಗೆ ಸ್ವಲ್ಪ ಬೇಗನೇ ಬರುವುದುಂಟು, ದಿನಾ ಮಾತ್ರೆ ತೆಗೆದುಕೊಳ್ಳಿ ಎಂದು ಬಿಡಿಸಿ ಹೇಳಿದರು. ಮಕ್ಕಳೂ ಮುಂದೆ ನೋಡಿಸಿಕೊಳ್ಳುತ್ತಿರಬೇಕು ಎಂದರು.

ಕಾರು ಹತ್ತಿದ ಕೂಡಲೇ ಇವರ ತೀರ್ಪು: "ಅದೆಲ್ಲ ಮಲಯಾಳಿಗಳಿಗೆ."

ನನ್ನ ಮಾತು ನಾಟದಿದ್ದರೆ ಅತ್ತೆಯ ಮಾತಾದರೂ ನಾಟೀತು ಎಂದು ಮನೆಗೆ ಬಂದವಳೇ ಊರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಗಂಡನನ್ನು ಹಾಗೆ ಕಳೆದುಕೊಂಡವರು, ಮಗನಿಗೆ ಬೈದು ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ.

"ಅದು ಅವರ ಕುಟುಂಬದ್ದು ಮಗ. ನಿನಗೆ ಹೇಗೆ ಬರ್ತದೆ? ನೀನು ನಮ್ಮವ ಅಲ್ವಾ?"

ಖಲಾಸ್. ಮಾತ್ರೆ ಫ್ರಿಜ್ಜಿನ ಮೇಲೆ ಹೋಗಿ ಕೂತಿತು. ನಾನು ಬೈದೆ, ಬೇಡಿಕೊಂಡೆ, ಊಟಕ್ಕೆ ಉಪ್ಪು ಹಾಕುವುದನ್ನೇ ಬಿಟ್ಟೆ. ಅವರು ಆಫೀಸಿನಿಂದ ಬರುವಾಗ ಉಪ್ಪಿನಕಾಯಿ ತಂದರು...

ಮೊನ್ನೆ ಮಗಳು ಶಾಲೆಯ ಈಜು ಸ್ಪರ್ಧೆಯಲ್ಲಿ ಪದಕ ಗೆದ್ದು ಬಂದಳು. ಇವರಿಗೆ ನೆಲದ ಮೇಲೆ ಕಾಲಿಲ್ಲ. "ನನ್ನ ರಕ್ತ ಅಲ್ವಾ! ನಾನು ಸಣ್ಣದಿರುವಾಗ ಹೊಳೆ ಈಜಿ ದಾಟಿದವ."

ನನಗೆ ತಡೆಯಲಾಗಲಿಲ್ಲ. "ಅವಳು ನನ್ನ ಕುಟುಂಬ. ನಿಮ್ಮದು ಅವಳಿಗೆ ಏನೂ ಬರುವುದಿಲ್ಲ. ಈಜು ಬಂದದ್ದು ನನ್ನ ಅಣ್ಣನಿಂದ."

ನನ್ನ ಅಣ್ಣನಿಗೆ ಬಾವಿ ಕಂಡರೂ ಹೆದರಿಕೆ. ಅದು ಇವರಿಗೂ ಗೊತ್ತು.

"ನಥಿಂಗ್ ಫ್ರಮ್ ಅಪ್ಪಾ?" ಎಂದು ಮಗಳು ಮುಖ ಸಣ್ಣ ಮಾಡಿದಳು.

ಇವರು ಪದಕವನ್ನು ಕೈಯಲ್ಲಿ ತಿರುಗಿಸುತ್ತಾ ಅವಳನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಮಾತ್ರೆ ತೆಗೆದು ನುಂಗಿದರು.

ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಡಾಕ್ಟರ್ ಮಕ್ಕಳನ್ನೂ ನೋಡಿಸಬೇಕು ಅಂದ್ರಲ್ಲ... ಇವಳಿಗೆ ಯಾವಾಗಿಂದ?"

ಅಷ್ಟು ದಿನದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ನೀವು ಹೇಳಿ, ಡಾಕ್ಟರ್ ಕೇಳಿದಾಗ ನಿಮ್ಮ ಅಪ್ಪನನ್ನು ಕುಟುಂಬಕ್ಕೆ ಸೇರಿಸಿಕೊಳ್ಳುತ್ತೀರಾ?